ಗೀಳು ಕಾಯಿಲೆ: ಮಾತ್ರೆಯ ಕೆಲಸ, ಅಭ್ಯಾಸದ ಕೆಲಸ, ಮನೆಯವರ ಕೆಲಸ

ಮನಸ್ಸಿನ ಕಾಯಿಲೆ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ಕೇಳುವುದು, ಮಾತ್ರೆ ತೆಗೆದುಕೊಳ್ಳಲೇಬೇಕೇ, ಕೌನ್ಸೆಲಿಂಗ್ ಸಾಲದೇ ಎಂದು. ಎಲ್ಲ ಕಾಯಿಲೆಗಳಿಗೂ ಸಲ್ಲುವ ಒಂದೇ ಉತ್ತರ ಇದಕ್ಕಿಲ್ಲ. ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ಕಾಯಿಲೆಗಳಲ್ಲಿ ಔಷಧವೇ ಬುನಾದಿ. ಸೌಮ್ಯ ಖಿನ್ನತೆಯಲ್ಲಿ ಎಷ್ಟೋ ಸಲ ಮನೋಚಿಕಿತ್ಸೆಯೊಂದೇ ಸಾಕಾಗುತ್ತದೆ. ನಾನು ಬರೆಯಲು ಹೊರಟಿರುವುದು ಎರಡೂ ಚಿಕಿತ್ಸೆಗಳಿಗೆ ಒಲಿಯುವ ಗೀಳು ಕಾಯಿಲೆಯ ಬಗ್ಗೆ, ಅಂದರೆ ವೈದ್ಯರು ಚೀಟಿಯಲ್ಲಿ ಓಸಿಡಿ ಎಂದು ಬರೆಯುವ ಕಾಯಿಲೆಯ ಬಗ್ಗೆ. ಬೇಡದ ಯೋಚನೆ ಮತ್ತೆ ಮತ್ತೆ ನುಗ್ಗಿಬರುವುದು, ಅದರ ಆತಂಕ ತಗ್ಗಿಸಲು ಒಂದೇ ಕ್ರಿಯೆಯನ್ನು ಪದೇ ಪದೇ ಮಾಡುವುದು ಇದರ ಲಕ್ಷಣ. ನನ್ನ ದೊಡ್ಡಮ್ಮನ ಮಗಳು ಇದರಿಂದ ವರ್ಷಗಟ್ಟಲೆ ನರಳಿದವಳು. ಅವಳ ಚಿಕಿತ್ಸೆಯ ಉದ್ದಕ್ಕೂ ಜೊತೆಯಲ್ಲಿ ಓಡಾಡಿದವನಾದ್ದರಿಂದ, ಅವಳ ಒಪ್ಪಿಗೆ ಪಡೆದು, ಕಂಡದ್ದನ್ನೂ ಓದಿ ತಿಳಿದದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಈ ಕಾಯಿಲೆ ನಮ್ಮ ಮನೆಗಳಲ್ಲಿ ಬೇಗ ಗುರುತಿಗೆ ಸಿಗುವುದಿಲ್ಲ. ಪದೇ ಪದೇ ಕೈ ತೊಳೆಯುವವಳಿಗೆ ಮಡಿ ಜಾಸ್ತಿ ಎನ್ನುತ್ತಾರೆ. ಬೀಗವನ್ನು ಎಳೆದೆಳೆದು ನೋಡುವವನನ್ನು ಬಲು ಜಾಗ್ರತೆಯ ಮನುಷ್ಯ ಎನ್ನುತ್ತಾರೆ. ಆದರೆ ಮಡಿಗೆ ಒಂದು ಕೊನೆಯಿದೆ: ಸ್ನಾನ ಮಾಡಿ ಮಡಿಯುಟ್ಟರೆ ಅಲ್ಲಿಗೆ ಮುಗಿಯಿತು. ಗೀಳು ಕಾಯಿಲೆಯವರಿಗೆ ಆ ‘ಮುಗಿಯಿತು’ ಎಂಬ ಭಾವವೇ ಹುಟ್ಟುವುದಿಲ್ಲ, ಚರ್ಮ ಬಿರಿದು ರಕ್ತ ಜಿನುಗಿದರೂ ಹುಟ್ಟುವುದಿಲ್ಲ. ದೇವರ ಮುಂದೆ ಕೂತಾಗ ದೇವರ ಬಗ್ಗೆಯೇ ಅಸಹ್ಯದ ಯೋಚನೆ ನುಗ್ಗಿಬರುವವರು, ಮಗುವಿಗೆ ತಾನೇ ಏನಾದರೂ ಮಾಡಿಬಿಟ್ಟೇನೆಂದು ಹೆದರಿ ಚಾಕುವನ್ನು ಬಚ್ಚಿಡುವ ತಾಯಂದಿರು ಬಾಯಿ ಬಿಡುವುದು ಇನ್ನೂ ಅಪರೂಪ. ಅವರು ಕೆಟ್ಟವರಲ್ಲ, ಆ ಯೋಚನೆ ತಮ್ಮ ಸ್ವಭಾವಕ್ಕೆ ತೀರಾ ವಿರುದ್ಧವಾಗಿರುವುದರಿಂದಲೇ ಅವರು ಅಷ್ಟು ಬೆದರುತ್ತಾರೆ.

ಔಷಧದ ಮಾತನ್ನು ಮೊದಲು ಹೇಳುತ್ತೇನೆ. ಕ್ಲೋಮಿಪ್ರಮೈನ್ ಎಂಬ ಖಿನ್ನತೆಯ ಮಾತ್ರೆ ಗೀಳನ್ನೂ ತಗ್ಗಿಸುತ್ತದೆಂಬುದು 1960ರ ದಶಕದ ಕೊನೆಯ ಹೊತ್ತಿಗೆ ವೈದ್ಯರ ಗಮನಕ್ಕೆ ಬಂದಿತ್ತು. ಅಮೆರಿಕದಲ್ಲಿ ಈ ಕಾಯಿಲೆಗೆಂದೇ ಅದಕ್ಕೆ ಅನುಮತಿ ಸಿಕ್ಕಿದ್ದು 1989ರಲ್ಲಿ. ಈಗ ಸಾಮಾನ್ಯವಾಗಿ ಮೊದಲು ಕೊಡುವುದು ಫ್ಲುಆಕ್ಸೆಟಿನ್, ಸರ್ಟ್ರಾಲಿನ್, ಫ್ಲುವಾಕ್ಸಮಿನ್‌ನಂಥ, ಮಿದುಳಿನ ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುವ ಮಾತ್ರೆಗಳನ್ನು. ಇಲ್ಲಿ ಎರಡು ವಿಷಯ ಗೊತ್ತಿರದೆ ಅನೇಕರು ಅರ್ಧದಲ್ಲೇ ಕೈಬಿಡುತ್ತಾರೆ. ಖಿನ್ನತೆಗೆ 20 ಮಿಲಿಗ್ರಾಂ ಫ್ಲುಆಕ್ಸೆಟಿನ್ ಸಾಕಾಗುವ ಕಡೆ ಗೀಳಿಗೆ 60 ಮಿಲಿಗ್ರಾಂವರೆಗೂ ಏರಿಸಬೇಕಾಗಬಹುದು. ಮತ್ತು ಮಾತ್ರೆ ಹಿಡಿಸಿತೋ ಇಲ್ಲವೋ ಎಂದು ತೀರ್ಮಾನಿಸಲು ಸಾಕಷ್ಟು ಪ್ರಮಾಣದಲ್ಲಿ 8ರಿಂದ 12 ವಾರ ಬೇಕು. ಮೊದಲ ವಾರಗಳಲ್ಲಿ ಹೊಟ್ಟೆ ತೊಳಸುವುದು, ನಿದ್ದೆ ಕೆಡುವುದು ಕಾಣುತ್ತದೆ, ಲಾಭ ಮಾತ್ರ ಕಾಣುವುದಿಲ್ಲ. ಈ ಅವಧಿಯನ್ನು ದಾಟಿಸುವಂತೆ ಬಿಡಿಸಿ ಹೇಳುವ ವೈದ್ಯರು ಸಿಕ್ಕರೆ ಅದು ಪುಣ್ಯ.

ಇನ್ನು ಮನೋಚಿಕಿತ್ಸೆ. ಲಂಡನ್ನಿನಲ್ಲಿದ್ದ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ 1966ರಲ್ಲಿ ಇಬ್ಬರು ರೋಗಿಗಳ ವಿವರ ಪ್ರಕಟಿಸಿದರು. ಈಗ ಇಆರ್‌ಪಿ ಎಂದು ಕರೆಯುವ ಅವರ ಪದ್ಧತಿಯ ತಿರುಳು ಇಷ್ಟು: ಯಾವುದಕ್ಕೆ ಭಯವೋ ಅದನ್ನು ರೋಗಿ ಬೇಕೆಂದೇ ಎದುರಿಸಬೇಕು, ಎದುರಿಸಿದ ಮೇಲೆ ತೊಳೆಯುವ, ಪರೀಕ್ಷಿಸುವ ಕ್ರಿಯೆಯನ್ನು ಮಾಡಕೂಡದು. ಗೀಳು ಬದುಕಿರುವುದು ತೊಳೆದ ಕೂಡಲೇ ಸಿಗುವ ಕ್ಷಣದ ನೆಮ್ಮದಿಯ ಮೇಲೆ. ಆ ನೆಮ್ಮದಿಯನ್ನು ತಪ್ಪಿಸಿದರೆ, ತೊಳೆಯದೆಯೂ ಆತಂಕ ತಾನಾಗಿ ಇಳಿಯುತ್ತದೆಂಬುದನ್ನು ಮಿದುಳು ಕಲಿಯುತ್ತದೆ.

ಅಕ್ಕನ ಒಂದು ಅಭ್ಯಾಸದಲ್ಲಿ ನಾನೂ ಪಕ್ಕದಲ್ಲಿದ್ದೆ. ಚಿಕಿತ್ಸಕಿ ಮೊದಲೇ ಅವಳಿಂದ ಭಯಗಳ ಪಟ್ಟಿ ಮಾಡಿಸಿ, ಒಂದೊಂದಕ್ಕೂ ನೂರರಲ್ಲಿ ಎಷ್ಟು ಎಂದು ಬರೆಸಿದ್ದರು. ಅಂಗಡಿಯಿಂದ ತಂದ ಹಾಲಿನ ಪ್ಯಾಕೆಟ್ ಮುಟ್ಟುವುದು ಕೆಳಗಿನ ಮೆಟ್ಟಿಲು, ಚಪ್ಪಲಿಯ ಅಡಿ ಮುಟ್ಟುವುದು ಬಹಳ ಮೇಲಿನದು. ಆ ದಿನ ಚಪ್ಪಲಿಯ ಸರದಿ. ಚಿಕಿತ್ಸಕಿ ತಾವೇ ಮೊದಲು ಮುಟ್ಟಿ ತೋರಿಸಿದರು. ಅಕ್ಕ ಎರಡು ಬೆರಳು ಇಟ್ಟಳು, ಆಮೇಲೆ ಅಂಗೈ, ಆಮೇಲೆ ಅದೇ ಕೈಯನ್ನು ದುಪಟ್ಟಾಕ್ಕೂ ಕೆನ್ನೆಗೂ ಸವರಿಕೊಂಡಳು. ತುಟಿ ಒಣಗಿತ್ತು, ಕೈಯನ್ನು ಮೈಯಿಂದ ದೂರ ಚಾಚಿಕೊಂಡೇ ಕೂತಿದ್ದಳು. ‘ಏನೂ ಆಗುವುದಿಲ್ಲ’ ಎಂಬ ಮಾತು ಆ ಕೋಣೆಯಲ್ಲಿ ಒಮ್ಮೆಯೂ ಬರಲಿಲ್ಲ, ‘ಈಗ ಎಷ್ಟು?’ ಎಂದಷ್ಟೇ ಕೇಳುತ್ತಿದ್ದರು, ಅವಳು ಅಂಕಿ ಹೇಳುತ್ತಿದ್ದಳು. ಎಂಬತ್ತೈದರಲ್ಲಿ ಬಹಳ ಹೊತ್ತು ನಿಂತದ್ದು ನಿಧಾನವಾಗಿ ಜಾರಿ, ಹೊರಡುವ ಹೊತ್ತಿಗೆ ಅರ್ಧಕ್ಕೆ ಬಂದಿತ್ತು. ಅಷ್ಟರಿಂದಲೇ ಗೆದ್ದೆವೆಂದಲ್ಲ. ಮನೆಯಲ್ಲಿ ದಿನವೂ ಅದನ್ನೇ ಮಾಡಿ ಪುಸ್ತಕದಲ್ಲಿ ಬರೆದಿಡಬೇಕಿತ್ತು, ನಿಜವಾದ ಚಿಕಿತ್ಸೆ ನಡೆದದ್ದು ಅಲ್ಲಿ.

ಹಾಗಾಗಿ, ಸಮಾಧಾನ ಹೇಳಿ ಕಳಿಸುವ ಕೌನ್ಸೆಲಿಂಗ್ ಈ ಕಾಯಿಲೆಗೆ ಚಿಕಿತ್ಸೆಯೇ ಅಲ್ಲವೆಂದು ನಾನು ಖಚಿತವಾಗಿ ಹೇಳುತ್ತೇನೆ. ‘ಕೈ ಸ್ವಚ್ಛವಾಗಿದೆ ತಾನೆ?’ ಎಂದು ಕೇಳಿ ‘ಹೌದು’ ಎನಿಸಿಕೊಳ್ಳುವುದೂ ಗೀಳಿನ ಒಂದು ಕ್ರಿಯೆಯೇ. ಪ್ರತಿ ‘ಹೌದು’ ಮುಂದಿನ ಪ್ರಶ್ನೆಯನ್ನು ಹತ್ತಿರ ತರುತ್ತದೆ. ಪ್ರೀತಿಯಿಂದಲೇ ಮನೆಯವರು ಬಾಗಿಲಲ್ಲೇ ಬಟ್ಟೆ ಬದಲಿಸುತ್ತಾರೆ, ನೋಟುಗಳನ್ನು ಒರೆಸಿ ಕೊಡುತ್ತಾರೆ, ಅವಳ ಪರವಾಗಿ ತಾವೇ ಬೀಗ ನೋಡಿ ಬರುತ್ತಾರೆ. ಚಿಕಿತ್ಸೆಯಲ್ಲಿ ಇದನ್ನೂ ಒಂದೊಂದಾಗಿ ನಿಲ್ಲಿಸಬೇಕು, ಅದೂ ರೋಗಿಯೊಡನೆ ಮೊದಲೇ ಮಾತಾಡಿಕೊಂಡು. ಸಿಟ್ಟಿನಲ್ಲಿ ಒಮ್ಮೆಗೇ ನಿಲ್ಲಿಸಿದರೆ ಅದು ಶಿಕ್ಷೆಯಾಗುತ್ತದೆ. ‘ಇದಕ್ಕೆ ಉತ್ತರ ಕೊಡಬಾರದೆಂದು ನಾವಿಬ್ಬರೂ ಒಪ್ಪಿಕೊಂಡಿದ್ದೇವಲ್ಲ’ ಎಂದು ಹೇಳಿ ಅವಳ ಪಕ್ಕದಲ್ಲೇ ಕೂರುವುದು ದೊಡ್ಡಮ್ಮನಿಗೆ ಎಷ್ಟು ಕಷ್ಟವಾಯಿತೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮಾತ್ರೆ, ಅಭ್ಯಾಸ ಎರಡರಲ್ಲಿ ಯಾವುದು ಮೇಲು? ಎಡ್ನಾ ಫೋವಾ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದಲ್ಲಿ, ಈ ಅಭ್ಯಾಸ ಚಿಕಿತ್ಸೆ ಪಡೆದವರು ಬರೀ ಕ್ಲೋಮಿಪ್ರಮೈನ್ ಪಡೆದವರಿಗಿಂತ ಹೆಚ್ಚು ಚೇತರಿಸಿಕೊಂಡರು. ಆದರೆ ಅಲ್ಲಿದ್ದದ್ದು ನುರಿತ ಚಿಕಿತ್ಸಕರು, ಹೆಚ್ಚುಕಡಿಮೆ ಪ್ರತಿದಿನದ ಅಭ್ಯಾಸ. ಖಿನ್ನತೆಯೂ ಜೊತೆಗೂಡಿ ಹಾಸಿಗೆ ಬಿಟ್ಟು ಏಳಲಾಗದವರಿಗೆ ಚಪ್ಪಲಿ ಮುಟ್ಟು ಎಂದರೆ ಆಗುವ ಮಾತಲ್ಲ. ಅಂಥವರಿಗೆ ಅಭ್ಯಾಸಕ್ಕೆ ಬೇಕಾದ ಶಕ್ತಿಯನ್ನು ಕೊಡುವುದೇ ಮಾತ್ರೆ. ಅಕ್ಕನಿಗೂ ಹಾಗೆಯೇ ಆಯಿತು. ಗುಣ ಕಂಡ ಮೇಲೂ ಮಾತ್ರೆಯನ್ನು ಸಾಮಾನ್ಯವಾಗಿ ವರ್ಷವೋ ಎರಡು ವರ್ಷವೋ ಮುಂದುವರಿಸಿ, ವೈದ್ಯರ ಕಣ್ಗಾವಲಿನಲ್ಲೇ ನಿಧಾನವಾಗಿ ಇಳಿಸುತ್ತಾರೆ. ತಾವಾಗಿಯೇ ನಿಲ್ಲಿಸಿದವರಲ್ಲಿ ಕಾಯಿಲೆ ಮರುಕಳಿಸುವುದು ಸಾಮಾನ್ಯ. ಯಾವುದಕ್ಕೂ ಬಗ್ಗದ ಕಾಯಿಲೆಗೆ ಇತರ ಔಷಧಗಳನ್ನು ಸೇರಿಸುವುದರಿಂದ ಹಿಡಿದು, ಕಾಂತಕ್ಷೇತ್ರದ ಮೂಲಕ ಮಿದುಳನ್ನು ಉತ್ತೇಜಿಸುವವರೆಗೆ, ತೀರಾ ವಿರಳವಾಗಿ ಶಸ್ತ್ರಚಿಕಿತ್ಸೆಯವರೆಗೆ ದಾರಿಗಳಿವೆ.

ನಮ್ಮ ನಿಜವಾದ ಕೊರತೆ ಈ ಅಭ್ಯಾಸವನ್ನು ಮಾಡಿಸಬಲ್ಲ ಚಿಕಿತ್ಸಕರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಕಾಯಿಲೆಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ತಾಲ್ಲೂಕುಗಳಲ್ಲಿ ಮಾತ್ರೆ ಸಿಕ್ಕೀತು, ಅಭ್ಯಾಸ ಮಾಡಿಸುವವರು ಸಿಗುವುದು ಕಷ್ಟ. ಎಲ್ಲಿಂದ ಶುರುಮಾಡಬೇಕೆಂದು ತಿಳಿಯದವರು 14416ಕ್ಕೆ ಕರೆ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ. ಚಿಕಿತ್ಸಕರನ್ನು ಹುಡುಕುವಾಗ ಸಂಕೋಚಪಡದೆ ನೇರವಾಗಿ ಕೇಳಿ: ಭಯವನ್ನು ಎದುರಿಸಿ ಕ್ರಿಯೆಯನ್ನು ತಡೆಯುವ ಇಆರ್‌ಪಿ ಚಿಕಿತ್ಸೆಯನ್ನು ನೀವು ಮಾಡಿಸುತ್ತೀರಾ, ಮನೆಯಲ್ಲಿ ಮಾಡಲು ಅಭ್ಯಾಸ ಕೊಡುತ್ತೀರಾ, ಮನೆಯವರನ್ನೂ ಕೂರಿಸಿಕೊಂಡು ಮಾತನಾಡುತ್ತೀರಾ?