ಒಂಬತ್ತು ‘ಕ’ಗಳ ವಾಕ್ಯ

‘ಕತ್ತಲ ಕೋಣೆಯಲ್ಲಿ ಕೂತ ಕಮಲ ಕಣ್ಣು ಕಿರಿದಾಗಿಸಿ ಕಿಟಕಿಯ ಕಡೆ ಕಂಡಳು.’

ಒಂಬತ್ತು ಪದ, ಒಂಬತ್ತೂ ‘ಕ’ದಿಂದಲೇ ಶುರು. ಅನುಪ್ರಾಸದ, ಅಂದರೆ ಒಂದೇ ವ್ಯಂಜನ ಮತ್ತೆ ಮತ್ತೆ ಬರುವ ನಾದದ, ರುಚಿ ಹತ್ತಿದ ಹೊಸತರಲ್ಲಿ ಇಂಥವು ಹುಟ್ಟುತ್ತವೆ. ಎಣಿಕೆ ಹೆಚ್ಚಾಯಿತು ಎಂಬುದಕ್ಕಿಂತ ದೊಡ್ಡ ತೊಂದರೆ ಕೊನೆಯ ಕ್ರಿಯಾಪದದಲ್ಲಿದೆ. ಕಿಟಕಿಯ ಕಡೆ ಯಾರೂ ‘ಕಾಣುವುದಿಲ್ಲ’, ನೋಡುತ್ತಾರೆ. ಸದ್ದಿಗಾಗಿ ಅರ್ಥವನ್ನು ಬಗ್ಗಿಸಿದ್ದು ಓದುವವರಿಗೆ ಗೊತ್ತಾಗಿಯೇ ಆಗುತ್ತದೆ. ‘ಕತ್ತಲಲ್ಲಿ ಕೂತವಳು ಕಿಟಕಿಯತ್ತ ನೋಡಿದಳು’ ಎಂದರೆ ಸಾಕು: ಮೂರು ‘ಕ’, ಆಮೇಲೆ ಬೇರೆ ಸದ್ದಿನ ಕ್ರಿಯಾಪದ. ಗದ್ಯದ ಒಂದು ವಾಕ್ಯಕ್ಕೆ ನನ್ನ ಮಿತಿ ಮೂರು.

ಅಕ್ಷರ ನೋಡಿ ಹೊಂದಿಸಬೇಡಿ, ಜೋರಾಗಿ ಓದಿ ಹೊಂದಿಸಿ. ‘ಜನ’ ಮತ್ತು ‘ಜ್ಞಾನ’ ಕಣ್ಣಿಗೆ ಒಂದೇ ಅಕ್ಷರದವು. ಆದರೆ ‘ಜ್ಞಾ’ವನ್ನು ನಾವು ‘ಗ್ಞಾ’ ಎಂದು ಉಚ್ಚರಿಸುವುದರಿಂದ ಕಿವಿಗೆ ಅದು ‘ಗ’ದ ಕಡೆಯ ಪದ.

ಮೊದಲಕ್ಷರಕ್ಕಿಂತ ಎರಡನೆಯ ಅಕ್ಷರ ಹೆಚ್ಚು ಸೂಕ್ಷ್ಮವಾಗಿ ಕೆಲಸ ಮಾಡುತ್ತದೆ. ಹಳಗನ್ನಡದ ಆದಿಪ್ರಾಸ ನಿಂತಿರುವುದೇ ಅದರ ಮೇಲೆ: ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಅದೇ ವ್ಯಂಜನ ಬರಬೇಕು, ಸ್ವರ ಬದಲಾಗಬಹುದು. ಆ ವ್ಯಂಜನ ಒತ್ತಿಲ್ಲದೆ ಒಂಟಿಯಾಗಿದ್ದು, ಅದರ ಹಿಂದಿನ ಸ್ವರ ಹ್ರಸ್ವವಾದರೆ ಸಿಂಹಪ್ರಾಸ, ದೀರ್ಘವಾದರೆ ಗಜಪ್ರಾಸ, ಎರಡನ್ನೂ ಬೆರೆಸುವಂತಿಲ್ಲ. ‘ಕಡಲು’ ‘ಒಡಲು’ ‘ಮಡಿಲು’ ಕೂಡುತ್ತವೆ, ‘ಕಾಡು’ ಅವುಗಳ ಜೊತೆ ಸೇರದು. ಈ ನಿಯಮ ಎಷ್ಟು ಸರಿ ಎಂಬುದು ಒಮ್ಮೆ ಬಾಯಿಬಿಟ್ಟು ಹೇಳಿಕೊಂಡರೆ ತಿಳಿಯುತ್ತದೆ. ಕಥೆಯ ವಾಕ್ಯದಲ್ಲೂ ‘ಕಡಲು’, ‘ಮಡಿಲು’ ಒಂದೆರಡು ಪದಗಳ ಅಂತರದಲ್ಲಿ ಬಂದರೆ ನಾದ ಉಳಿಯುತ್ತದೆ, ಕಸರತ್ತು ಕಾಣುವುದಿಲ್ಲ.

ಅನುಕರಣಾವ್ಯಯ, ಅಂದರೆ ಸದ್ದನ್ನೇ ಅನುಕರಿಸುವ ಪದ, ಬಳಸಿದಾಗ ಸದ್ದನ್ನು ಮತ್ತೆ ವಿವರಿಸಬಾರದು. ‘ಬಾಗಿಲು ದಢಾರನೆ ದೊಡ್ಡ ಸದ್ದು ಮಾಡುತ್ತಾ ಮುಚ್ಚಿಕೊಂಡಿತು’ ಎನ್ನುವಲ್ಲಿ ನಡುವಿನ ಮೂರು ಪದ ದಂಡ. ‘ದಢಾರನೆ ಮುಚ್ಚಿಕೊಂಡಿತು’ ಎಂದಾಗಲೇ ಬಾಗಿಲು ಬಡಿಯುವುದು.

ಇನ್ನು, ಬೇಡದಿದ್ದರೂ ನುಸುಳುವ ಪ್ರಾಸ. ಕನ್ನಡದ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಲ್ಲಿ ಮುಗಿಯುವುದರಿಂದ ‘ಬಂದನು. ನಿಂತನು. ನೋಡಿದನು’ ಎಂದು ಪ್ಯಾರಾ ಪೂರ್ತಿ ಒಂದೇ ತಾಳ ಬಡಿಯುತ್ತದೆ. ಪ್ರತಿ ವಾಕ್ಯದ ಕೊನೆಯ ಪದಕ್ಕೆ ಗೆರೆ ಎಳೆದು, ಗೆರೆ ಬಿದ್ದವನ್ನಷ್ಟೇ ಓದಿ. ಸತತ ಮೂರು ಕಡೆ ಒಂದೇ ಪ್ರತ್ಯಯ ಸಿಕ್ಕರೆ ಆ ಸರಣಿಯನ್ನು ಒಡೆಯಿರಿ: ‘ಬಂದವನು ಬಾಗಿಲಲ್ಲೇ ನಿಂತ. ಒಳಗೆ ಯಾರೂ ಇಲ್ಲ.’