ಬೆಲೀಜ್: ಹವಳದ ದಿಬ್ಬದ ಮೇಲೆ ಹಗಲೂ ಇರುಳೂ

ಕೆರಿಬಿಯನ್ ಸಮುದ್ರದಲ್ಲಿ ಸ್ಕೂಬಾ ಡೈವಿಂಗ್ ಎಂದೊಡನೆ ಹೆಚ್ಚಿನವರ ಕಣ್ಣ ಮುಂದೆ ಬರುವುದು ಮಧ್ಯ ಅಮೆರಿಕದ ಪುಟ್ಟ ದೇಶ ಬೆಲೀಜಿನ ಗ್ರೇಟ್ ಬ್ಲೂ ಹೋಲ್. ವಿಮಾನದಿಂದ ತೆಗೆದ ಆ ಚಿತ್ರವನ್ನು, ತಿಳಿನೀಲಿ ನೀರಿನ ನಡುವೆ ಕಡುನೀಲಿಯಾಗಿ ಕಾಣುವ ಆ ದುಂಡನೆಯ ಗುಂಡಿಯನ್ನು ನೋಡಿಯೇ ನಾನೂ ಅಲ್ಲಿಗೆ ಹೋಗುವ ಆಸೆ ಬೆಳೆಸಿಕೊಂಡಿದ್ದೆ. ಹಡಗಿನಲ್ಲೇ ಉಂಡು, ಮಲಗಿ, ಅಲ್ಲಿಂದಲೇ ನೀರಿಗಿಳಿಯುವ ಲಿವ್‌ಅಬೋರ್ಡ್ ಪ್ರವಾಸ ಮುಗಿಸಿ ಬಂದ ಮೇಲೆ ಮಾತ್ರ, ಬೆಲೀಜಿನ ಬಗ್ಗೆ ಯಾರು ಕೇಳಿದರೂ ನನಗೆ ಮೊದಲು ನೆನಪಾಗುವುದು ಸೂರ್ಯ ಮುಳುಗಿದ ಮೇಲೆ ಹವಳದ ದಿಬ್ಬದಲ್ಲಿ ಕಳೆದ ಹೊತ್ತು.

ನಾನು ಡೈವಿಂಗ್ ಕಲಿತದ್ದು ನೇತ್ರಾಣಿಯಲ್ಲಿ. ಅಲ್ಲಿಗೆ ಹೋಗಿಬಂದವರಿಗೆ ಆ ಕ್ರಮ ಗೊತ್ತಿರುತ್ತದೆ: ಬೆಳಿಗ್ಗೆ ಮುರುಡೇಶ್ವರದಿಂದ ದೋಣಿ ಹೊರಡುತ್ತದೆ, ಒಂದೆರಡು ಸಲ ನೀರಿಗಿಳಿದು ಹಗಲು ಮುಗಿಯುವುದರೊಳಗೆ ದಡ ಸೇರಬೇಕು. ಬೆಲೀಜಿನಲ್ಲಿಯೂ ಇಂಥ ದಿನದ ದೋಣಿಗಳಿವೆ. ಆದರೆ ಬ್ಲೂ ಹೋಲ್ ಇರುವ ಲೈಟ್‌ಹೌಸ್ ರೀಫ್ ಎಂಬ ಅಟಾಲ್ (ಉಂಗುರದಂತೆ ಬೆಳೆದ ಹವಳದ ದಿಬ್ಬ) ಬೆಲೀಜ್ ಸಿಟಿಯಿಂದ ಸುಮಾರು 70 ಕಿಲೋಮೀಟರ್ ದೂರದಲ್ಲಿದೆ. ತೆರೆದ ಸಮುದ್ರದಲ್ಲಿ ಅಷ್ಟು ದೂರ ಹೋಗಿ ಬರುವುದರಲ್ಲೇ ದಿನದ ಬಹುಭಾಗ ಕಳೆದುಹೋಗುತ್ತದೆ. ಮುಂಜಾವ, ಮುಸ್ಸಂಜೆ ಮತ್ತು ರಾತ್ರಿ ದಿನದ ದೋಣಿಯಲ್ಲಿ ಹೋದವರಿಗೆ ಸಿಗುವುದೇ ಇಲ್ಲ. ಲಿವ್‌ಅಬೋರ್ಡ್ ಹಡಗು ಸಾಮಾನ್ಯವಾಗಿ ಶನಿವಾರ ಸಂಜೆ ಬಂದರು ಬಿಟ್ಟು, ಟರ್ನೆಫ್ ಮತ್ತು ಲೈಟ್‌ಹೌಸ್ ಅಟಾಲ್‌ಗಳ ಸುತ್ತ ವಾರವಿಡೀ ಇದ್ದು ಮರಳುತ್ತದೆ. ದಿನಕ್ಕೆ ಐದು ಡೈವ್‌ಗಳವರೆಗೆ ಅವಕಾಶವಿರುತ್ತದೆ. ಪ್ರತಿಯೊಬ್ಬರಿಗೂ ಡೆಕ್ಕಿನ ಮೇಲೆ ಒಂದು ಜಾಗವನ್ನು ಗೊತ್ತುಮಾಡುತ್ತಾರೆ. ಮೊದಲ ದಿನ ಬಿಸಿಡಿಯನ್ನು (ತೇಲುವಿಕೆಯನ್ನು ಹತೋಟಿಯಲ್ಲಿಡುವ ಅಂಗಿ) ಟ್ಯಾಂಕಿಗೆ ಕಟ್ಟಿ, ಉಸಿರಾಡಲು ಬೇಕಾದ ರೆಗ್ಯುಲೇಟರನ್ನು ಜೋಡಿಸಿಟ್ಟರೆ ಕೊನೆಯ ದಿನದವರೆಗೂ ಅದು ಅಲ್ಲೇ ಇರುತ್ತದೆ. ನಾವು ಊಟ ಮಾಡುತ್ತಿರುವಾಗ ಸಿಬ್ಬಂದಿ ಉದ್ದನೆಯ ಕೊಳವೆ ತಂದು, ಟ್ಯಾಂಕನ್ನು ಕದಲಿಸದೆ ಕುಳಿತಲ್ಲಿಯೇ ಗಾಳಿ ತುಂಬುತ್ತಾರೆ. ದಣಿವಿನ ಅರ್ಧಭಾಗ ಈ ಒಂದು ಏರ್ಪಾಟಿನಿಂದಲೇ ಕಡಿಮೆಯಾಗುತ್ತದೆ.

ಬ್ಲೂ ಹೋಲ್‌ನ ಬಗ್ಗೆ ಹೇಳದೆ ಮುಂದೆ ಹೋಗುವುದು ಸರಿಯಲ್ಲ. 1971ರಲ್ಲಿ ಫ್ರಾನ್ಸಿನ ಸಮುದ್ರಶೋಧಕ ಝಾಕ್ ಕುಸ್ತೊ ತಮ್ಮ ಕ್ಯಾಲಿಪ್ಸೊ ಹಡಗನ್ನು ಇಲ್ಲಿಗೆ ತಂದ ಮೇಲೆ ಇದು ಲೋಕಪ್ರಸಿದ್ಧವಾಯಿತು. ಅಗಲ 300 ಮೀಟರಿಗೂ ಹೆಚ್ಚು, ಆಳ ಸುಮಾರು 125 ಮೀಟರ್. ಹಿಮಯುಗದಲ್ಲಿ ಸಮುದ್ರಮಟ್ಟ ಈಗಿನದಕ್ಕಿಂತ ಬಹಳ ಕೆಳಗಿದ್ದಾಗ ಇದು ಒಣನೆಲದಲ್ಲಿದ್ದ ಸುಣ್ಣಕಲ್ಲಿನ ಗುಹೆಯಾಗಿತ್ತು. ಅದರ ಚಾವಣಿ ಕುಸಿದು, ಮುಂದೆ ಹಿಮ ಕರಗಿ ಸಮುದ್ರ ಏರಿದಾಗ ನೀರು ತುಂಬಿಕೊಂಡಿತು. ಸುಮಾರು 40 ಮೀಟರ್ ಆಳದಲ್ಲಿ ಗೋಡೆ ಒಳಕ್ಕೆ ಸರಿಯುತ್ತದೆ ಮತ್ತು ಆ ಚಾಚಿನ ಕೆಳಗೆ ಸುಣ್ಣಕಲ್ಲಿನ ದೊಡ್ಡ ಕಂಬಗಳು ಇಳಿಬಿದ್ದಿವೆ. ಅಂಥವು ಗಾಳಿಯಾಡುವ ಗುಹೆಯಲ್ಲಿ ಹನಿಹನಿಯಾಗಿ ನೀರು ತೊಟ್ಟಿಕ್ಕಿದರೆ ಮಾತ್ರ ಬೆಳೆಯುವುದರಿಂದ, ಅವುಗಳ ನಡುವೆ ಈಜುವಾಗ ಇಲ್ಲಿ ಸಮುದ್ರವೇ ಇರದಿದ್ದ ಕಾಲವೊಂದಕ್ಕೆ ಸಾಕ್ಷಿ ಎದುರಿಗೇ ಇರುತ್ತದೆ. ಆ ಕೆಲವು ನಿಮಿಷಗಳಲ್ಲಿ ನನ್ನ ಮೈ ಜುಮ್ಮೆಂದದ್ದು ನಿಜ.

ಆದರೆ ಅದು ಕೆಲವೇ ನಿಮಿಷಗಳ ಮಾತು. 40 ಮೀಟರ್ ಎಂದರೆ ಹವ್ಯಾಸಿ ಡೈವಿಂಗ್‌ನ ಕೊನೆಯ ಮಿತಿ. ಅಲ್ಲಿ ಒತ್ತಡ ಮೇಲ್ಮೈಯ ಐದು ಪಟ್ಟು, ಟ್ಯಾಂಕಿನ ಗಾಳಿ ಖರ್ಚಾಗುವ ವೇಗವೂ ಐದು ಪಟ್ಟು. ವಾರವಿಡೀ ನಾವು ಬಳಸುವ, ಶೇಕಡಾ 32ರಷ್ಟು ಆಮ್ಲಜನಕವಿರುವ ನೈಟ್ರಾಕ್ಸ್ ಎಂಬ ಗಾಳಿಮಿಶ್ರಣ ಅಷ್ಟು ಆಳದಲ್ಲಿ ಅಪಾಯಕಾರಿಯಾದ್ದರಿಂದ, ಇದೊಂದು ಡೈವ್‌ಗೆ ಸಾಮಾನ್ಯ ಗಾಳಿಯನ್ನೇ ತುಂಬಿಸಿಕೊಳ್ಳಬೇಕು. ಒಳಗೆ ಜೀವರಾಶಿ ಬಹಳ ಕಡಿಮೆ. ಸುಮಾರು 90 ಮೀಟರ್ ಆಳದಲ್ಲಿ ಹೈಡ್ರೋಜನ್ ಸಲ್ಫೈಡಿನ ದಟ್ಟ ಪದರವಿದ್ದು, ಅದರ ಕೆಳಗೆ ಆಮ್ಲಜನಕವೇ ಇಲ್ಲ. ಇದೊಂದಕ್ಕಾಗಿ ಮಾತ್ರ ಬೆಲೀಜಿಗೆ ಹೋಗುತ್ತೇನೆನ್ನುವವರಿಗೆ ನಾನು ಬೇಡ ಎಂದೇ ಹೇಳುತ್ತೇನೆ.

ನಿಜವಾದ ಸಂಪತ್ತು ಇರುವುದು ಅಟಾಲಿನ ಹೊರಗೋಡೆಗಳಲ್ಲಿ. ಪೆಸಿಫಿಕ್ ಸಾಗರದ ಅನೇಕ ಅಟಾಲ್‌ಗಳು ಮುಳುಗಿದ ಜ್ವಾಲಾಮುಖಿಗಳ ಮೇಲೆ ಬೆಳೆದಂಥವು. ಬೆಲೀಜಿನ ಮೂರು ಅಟಾಲ್‌ಗಳು ಭೂಸ್ತರಗಳು ಬಿರಿದು ಉಂಟಾದ ಏಣುಗಳ ಮೇಲೆ ಕುಳಿತಿವೆ. ಹಾಗಾಗಿ ಹಾಫ್ ಮೂನ್ ಕೇ ಎಂಬ ಪುಟ್ಟ ದ್ವೀಪದ ಬಳಿ, ಹತ್ತಾರು ಅಡಿ ಆಳದ ಬಿಳಿಮರಳನ್ನು ದಾಟಿ ಹವಳದ ಏಣಿನಾಚೆಗೆ ಈಜಿದ ಕೂಡಲೇ ಕಾಲಕೆಳಗಿನ ನೆಲ ಇಲ್ಲವಾಗಿ, ಗೋಡೆ ಕಣ್ಣಿಗೆ ಎಟುಕದ ಆಳಕ್ಕೆ ಇಳಿದುಹೋಗುತ್ತದೆ. ಆ ಗೋಡೆಯ ತುಂಬ ಪೀಪಾಯಿಯಾಕಾರದ ಸ್ಪಂಜುಗಳು, ಬೀಸಣಿಗೆ ಹವಳಗಳು, ನೀಲಿಯಲ್ಲಿ ತೇಲುತ್ತ ಬರುವ ಚುಕ್ಕೆಯ ಈಗಲ್ ರೇ ಎಂಬ ಚಪ್ಪಟೆ ಮೀನುಗಳು. ದ್ವೀಪದ ಮೇಲೆ ಕೆಂಪು ಕಾಲಿನ ಬೂಬಿ ಹಕ್ಕಿಗಳು ಸಾವಿರಾರು ಸಂಖ್ಯೆಯಲ್ಲಿ ಗೂಡುಕಟ್ಟುತ್ತವೆ. ಅವುಗಳನ್ನು ನೋಡಲೆಂದೇ ಅಲ್ಲೊಂದು ಅಟ್ಟಣೆಯಿದೆ. ಡೈವ್‌ಗಳ ನಡುವಿನ ಬಿಡುವಿನಲ್ಲಿ ಹತ್ತಿ ನೋಡಬೇಕು.

ಒಂದೇ ಜಾಗದಲ್ಲಿ ಬೇರೆ ಬೇರೆ ಹೊತ್ತಿನಲ್ಲಿ ಇಳಿದಾಗ ದಿಬ್ಬದ ಬದುಕು ಅರ್ಥವಾಗತೊಡಗುತ್ತದೆ. ಮಧ್ಯಾಹ್ನ ಹವಳದ ಮೇಲಿನ ಪಾಚಿಯನ್ನು ಕಿರ್ರ್ ಎಂದು ಕೆರೆದು ತಿನ್ನುತ್ತಿದ್ದ ಗಿಣಿಮೀನು, ರಾತ್ರಿ ಅದೇ ಬಂಡೆಯ ಸಂದಿಯಲ್ಲಿ ತಾನೇ ಸುರಿಸಿದ ಲೋಳೆಯ ಪೊರೆಯೊಳಗೆ ಮಲಗಿರುತ್ತದೆ. ಈ ಮೀನಿನ ಮೇಲೆ ನನಗೆ ವಿಶೇಷ ಗೌರವವಿದೆ. 1983–84ರಲ್ಲಿ ಕೆರಿಬಿಯನ್ನಿನ ಉದ್ದಗಲಕ್ಕೂ ಕರಿಮುಳ್ಳಿನ ಕಡಲಮುಳ್ಳುಕಾಯಿಗಳು (ಸೀ ಅರ್ಚಿನ್) ರೋಗದಿಂದ ಸತ್ತುಹೋದವು. ಪಾಚಿಯನ್ನು ಮೇಯುತ್ತಿದ್ದ ಅವು ಇಲ್ಲವಾದಾಗ ಹವಳಗಳನ್ನು ಪಾಚಿ ಮುಚ್ಚತೊಡಗಿತು, ಆ ಕೆಲಸದ ಭಾರವೆಲ್ಲ ಗಿಣಿಮೀನುಗಳ ಮೇಲೆ ಬಿತ್ತು. ಇದನ್ನು ಅರಿತು ಬೆಲೀಜ್ ಸರ್ಕಾರ 2009ರಲ್ಲಿಯೇ ಗಿಣಿಮೀನು ಹಿಡಿಯುವುದನ್ನು ನಿಷೇಧಿಸಿತು.

ಇನ್ನು ಆ ಸಂಜೆಯ ಹೊತ್ತು. ಚಂದ್ರನಿಲ್ಲದ ದಿನ, ಸೂರ್ಯಾಸ್ತದ ನಂತರ ಪೂರ್ತಿ ಕತ್ತಲಾಗುವ ವೇಳೆಗೆ ನಾವು ಆಳವಿಲ್ಲದ ಕಡೆ ಇಳಿದು, ಮಾರ್ಗದರ್ಶಕರ ಸನ್ನೆಯಂತೆ ಟಾರ್ಚುಗಳನ್ನು ಆರಿಸಿದೆವು. ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ಬಂಡೆಯ ಪಕ್ಕದಲ್ಲಿ ಒಂದು ನೀಲಿ ಚುಕ್ಕೆ ಬೆಳಗಿತು, ಅದರ ಮೇಲೆ ಇನ್ನೊಂದು, ಮತ್ತೊಂದು. ಸ್ವಲ್ಪ ಹೊತ್ತಿನಲ್ಲಿ ಸುತ್ತಲೂ ಅಂಥ ಚುಕ್ಕೆಗಳ ಸಾಲುಗಳೇ ಮೇಲೇರುತ್ತಿದ್ದವು. ಎಳ್ಳಿನ ಗಾತ್ರವೂ ಇಲ್ಲದ ಆಸ್ಟ್ರಕಾಡ್ ಎಂಬ ಚಿಪ್ಪುಜೀವಿಯ ಗಂಡುಗಳು ಹೆಣ್ಣನ್ನು ಕರೆಯುವ ಬಗೆಯಿದು. ಗಂಡು ಈಜುತ್ತ ಹೋದಂತೆ ಬೆಳಗುವ ದ್ರವವನ್ನು ನೀರಿಗೆ ಬಿಡುತ್ತದೆ. ಅದು ಮುಂದೆ ಹೋದ ಮೇಲೂ ಬೆಳಕಿನ ಚುಕ್ಕೆ ಹಿಂದೆ ತೂಗುತ್ತಿರುತ್ತದೆ. ಚುಕ್ಕೆಗಳ ಅಂತರ, ಅವು ಸಾಗುವ ದಿಕ್ಕು, ಬೆಳಗುವ ಅವಧಿ ಪ್ರಭೇದದಿಂದ ಪ್ರಭೇದಕ್ಕೆ ಬೇರೆ, ಆದ್ದರಿಂದ ಹೆಣ್ಣು ತನ್ನವನನ್ನೇ ಗುರುತಿಸಬಲ್ಲದು. ಬೆಳಕಿನ ಈ ಭಾಷೆ ಕೆರಿಬಿಯನ್ ಸಮುದ್ರದ ಆಸ್ಟ್ರಕಾಡ್‌ಗಳದೇ ವಿಶೇಷ. ಬೆಳುದಿಂಗಳಿದ್ದರೆ ಇದು ಕಾಣುವುದಿಲ್ಲವಾದ್ದರಿಂದ, ಪ್ರವಾಸದ ದಿನಾಂಕವನ್ನು ಅಮಾವಾಸ್ಯೆಯ ಆಸುಪಾಸಿಗೆ ಹೊಂದಿಸಿಕೊಳ್ಳಿ ಎಂಬುದು ನನ್ನ ಒತ್ತಾಯದ ಸಲಹೆ.

ಕಂಡದ್ದೆಲ್ಲ ಸಂತೋಷದ್ದಲ್ಲ. ಅಂಡಮಾನಿನಲ್ಲಿ ನಾನು ಮೆಚ್ಚಿ ನೋಡಿದ್ದ ಸಿಂಹಮೀನು ಇಲ್ಲಿ ಪರದೇಶದಿಂದ ಬಂದ ಪೀಡೆ. ಅದು ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನ ಮೀನು. 1985ರಲ್ಲಿ ಫ್ಲೋರಿಡಾದ ಬಳಿ ಮೊದಲು ಕಾಣಿಸಿಕೊಂಡು, ಮುಂದೆ ಕೆರಿಬಿಯನ್ನಿನ ತುಂಬ ಹರಡಿತು. ಇಲ್ಲಿನ ಮರಿಮೀನುಗಳಿಗೆ ಅದರ ಭಯ ಗೊತ್ತಿಲ್ಲ, ಅದನ್ನು ತಿನ್ನುವ ಶತ್ರುಗಳೂ ಕಡಿಮೆ. ಆದ್ದರಿಂದ ಡೈವ್ ಮಾರ್ಗದರ್ಶಕರು ಈಟಿಯಿಂದ ಅದನ್ನು ಬೇಟೆಯಾಡುತ್ತಾರೆ. ಬೆಲೀಜಿನ ಮಹಿಳೆಯರು ಅದರ ರೆಕ್ಕೆಗಳಿಂದ ಓಲೆ, ಪದಕಗಳನ್ನು ಮಾಡಿ ಮಾರುತ್ತಾರೆ. ಅದಕ್ಕಿಂತ ನೋವಿನ ಸಂಗತಿ ಹವಳಗಳದು. 2014ರಲ್ಲಿ ಫ್ಲೋರಿಡಾದಲ್ಲಿ ಶುರುವಾದ, ಹವಳದ ಮಾಂಸವನ್ನು ಕಳಚಿಹಾಕುವ ರೋಗ 2019ರಲ್ಲಿ ಬೆಲೀಜನ್ನು ತಲುಪಿತು. 2023ರ ಬಿಸಿನೀರು ಉಳಿದವನ್ನೂ ಬಿಳಿಚಿಸಿತು. ನೂರಾರು ವರ್ಷ ಬೆಳೆದಿರಬಹುದಾದ ಮಿದುಳು ಹವಳವೊಂದು ಅರ್ಧ ಜೀವಂತವಾಗಿ, ಅರ್ಧ ಪಾಚಿಗಟ್ಟಿ ನಿಂತಿರುವುದನ್ನು ನೋಡಿ ನನಗೆ ಬಹಳ ಸಂಕಟವಾಯಿತು.

ಆ ದೇಶ ಕೈಕಟ್ಟಿ ಕುಳಿತಿಲ್ಲ ಎಂಬುದನ್ನೂ ಹೇಳಬೇಕು. 1996ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಬೆಲೀಜಿನ ಹವಳದ ತಡೆದಿಬ್ಬವನ್ನು ಯುನೆಸ್ಕೊ 2009ರಲ್ಲಿ ಅಪಾಯದ ಪಟ್ಟಿಗೆ ಹಾಕಿತ್ತು. ಸಮುದ್ರದಲ್ಲಿ ತೈಲ ಹುಡುಕುವುದರ ವಿರುದ್ಧ ಜನ ದನಿಯೆತ್ತಿ, 2017ರ ಕೊನೆಯಲ್ಲಿ ಅದನ್ನು ತಡೆಯುವ ಕಾನೂನು ಬಂದ ಮೇಲೆ, 2018ರಲ್ಲಿ ಆ ಪಟ್ಟಿಯಿಂದ ಹೊರಬಂತು. ನಾಲ್ಕೈದು ಲಕ್ಷ ಜನರಷ್ಟೇ ಇರುವ ದೇಶವೊಂದು ತೈಲದ ಹಣವನ್ನು ಬೇಡವೆಂದದ್ದು ಸಣ್ಣ ತೀರ್ಮಾನವಲ್ಲ.

ಹೋಗುವ ಯೋಚನೆಯಿದ್ದವರಿಗೆ ಒಂದೆರಡು ಮಾತು. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. ಫೆಬ್ರುವರಿಯಿಂದ ಮೇ ಒಳ್ಳೆಯ ಸಮಯ. ಬೆಲೀಜಿನ ಆಡಳಿತ ಭಾಷೆ ಇಂಗ್ಲಿಷ್ ಆದ್ದರಿಂದ ಮಾತಿನ ತೊಂದರೆಯಿಲ್ಲ. ನೈಟ್ರಾಕ್ಸ್ ತರಬೇತಿಯನ್ನು ನಮ್ಮ ದೇಶದಲ್ಲಿಯೇ ಮುಗಿಸಿಕೊಂಡು ಹೋಗಿ. ದಿನಕ್ಕೆ ನಾಲ್ಕೈದು ಸಲ ಇಳಿಯುವವರಿಗೆ ಅದು ಅಗತ್ಯ. ಗೋಡೆಯ ಬದಿಯಲ್ಲಿ ಮೇಲಕ್ಕೂ ಹೋಗದೆ ಕೆಳಕ್ಕೂ ಜಾರದೆ, ಹವಳಕ್ಕೆ ಫಿನ್ ತಾಗದಂತೆ ನಿಶ್ಚಲವಾಗಿ ತೇಲುವುದು ರೂಢಿಯಾಗಿರದಿದ್ದರೆ, ನೇತ್ರಾಣಿಯಲ್ಲೋ ಅಂಡಮಾನಿನಲ್ಲೋ ಇನ್ನೊಂದಷ್ಟು ಅಭ್ಯಾಸ ಮಾಡಿಯೇ ಹೊರಡುವುದು ಒಳ್ಳೆಯದು. ಕೊನೆಯ ಡೈವ್ ಮತ್ತು ವಿಮಾನದ ನಡುವೆ ಕನಿಷ್ಠ 18 ಗಂಟೆಗಳ ಅಂತರವಿರಬೇಕು. ಒಂದಿಡೀ ದಿನವಾದರೆ ಇನ್ನೂ ಕ್ಷೇಮ. ಆದ್ದರಿಂದಲೇ ಹಡಗು ಶುಕ್ರವಾರ ಬೆಳಗಿನ ಡೈವ್‌ಗಳನ್ನು ಮುಗಿಸಿ ಮಧ್ಯಾಹ್ನವೇ ಬಂದರಿನ ಕಡೆ ತಿರುಗುತ್ತದೆ. ವಿಮಾನದ ಟಿಕೆಟನ್ನು ಶನಿವಾರಕ್ಕಿಂತ ಮುಂಚಿನದಕ್ಕೆ ತೆಗೆದುಕೊಳ್ಳಬೇಡಿ.