ನೀನು ತಗೊಂಡ್ಯೇನಮ್ಮಾ?

ಶನಿವಾರ ಸಂಬಳ ಕೊಟ್ಟೆ. ಅಂದರೆ, ಕೊಡಲು ಹೋದೆ. ನಮ್ಮ ಪ್ರಿಂಟಿಂಗ್ ಪ್ರೆಸ್ಸಿನ ಬೈಂಡಿಂಗ್ ಮಾಮ ಕವರು ಬಿಚ್ಚಿದರು, ಕನ್ನಡಕವನ್ನು ಹಣೆಗೇರಿಸಿದರು, ನೋಟು ಎಣಿಸಿದರು. ಜೀವನವಿಡೀ ಕಾಗದ ಎಣಿಸಿದ ಕೈ ಅದು. ಬೆರಳು ಓಡುವುದೇ ಕಾಣುವುದಿಲ್ಲ. ಎಣಿಸಿ, ಸರಿಯಾಗಿ ಅರ್ಧ ಮಾಡಿ, ಒಂದು ಪಾಲನ್ನು ನನ್ನ ಮೇಜಿನ ಮೇಲಿಟ್ಟರು.

"ಈ ಸಲ ಇಷ್ಟು ಸಾಕು. ಉಳಿದದ್ದು ಆಮೇಲೆ ಕೊಡು."

"ಯಾಕೆ ಮಾಮಾ? ದುಡ್ಡಿದೆ, ತಗೊಳ್ಳಿ."

"ನೀನು ತಗೊಂಡ್ಯೇನಮ್ಮಾ?"

"ನಾನಾ? ನಾನು ತಗೊಂಡು 7 ತಿಂಗಳಾಯ್ತು."

ಎಷ್ಟು ಚಂದ ಹೇಳಿದೆ ಅಂದರೆ, ನನಗೇ ಕಣ್ಣು ತುಂಬಿ ಬಂತು. ಮಾಮ "ಹ್ಞೂಂ" ಅಂದರು. ಅನ್ನುವಾಗ ಅವರ ಕಣ್ಣು ಒಂದು ಕ್ಷಣ ಗಲ್ಲಾ ಕಡೆ ಹೋಯಿತಾ? ಹೋಯಿತು ಅಂತ ನನಗೆ ಅನುಮಾನ. ಭಾನುವಾರ ಪೂರ್ತಿ ಅದನ್ನೇ ಯೋಚಿಸಿದೆ. ಪಾತ್ರೆ ತೊಳೆಯುವಾಗಲೂ ಅದೇ, ಬಟ್ಟೆ ಒಣಗಿಸುವಾಗಲೂ ಅದೇ. ನೀನು ತಗೊಂಡ್ಯೇನಮ್ಮಾ? ಕನಿಕರದಿಂದ ಕೇಳಿದ್ದಾ, ಇಲ್ಲಾ ಬೇರೆ ಏನಾದರೂ ಕೇಳಿದ್ದಾ?

ಅಪ್ಪ ಕಟ್ಟಿದ ಪ್ರೆಸ್ಸು. ಬಿಲ್ ಬುಕ್ಕು, ರಸೀದಿ ಪುಸ್ತಕ, ವೋಚರ್ ಪ್ಯಾಡು, ಲೆಟರ್‌ಹೆಡ್ಡು ನಮ್ಮ ಮುಖ್ಯ ಕೆಲಸ. ಅಂದರೆ ಬೇರೆಯವರು ಲೆಕ್ಕ ಇಟ್ಟುಕೊಳ್ಳಲು ಬೇಕಾದದ್ದೆಲ್ಲ ನಾವು ಮಾಡಿಕೊಡುತ್ತೇವೆ. ಈಗ ಎಲ್ಲರೂ ಫೋನಿನಲ್ಲೇ ಬಿಲ್ ಮಾಡುತ್ತಾರೆ, ಆ ಕೆಲಸ ಕಮ್ಮಿಯಾಗಿದೆ. ಅದು ಗೊತ್ತಿರುವ ಕತೆಯೇ, ಬಿಡಿ.

ನಮ್ಮ ಗಲ್ಲಾ ಅಂದರೆ ಅಪ್ಪನ ಹಳೇ ಮೇಜಿನ ಮೂರನೇ ಡ್ರಾಯರು. ಸ್ವಲ್ಪ ಮೇಲಕ್ಕೆತ್ತಿ ಎಳೆದರೆ ಮಾತ್ರ ತೆರೆಯುತ್ತದೆ. ಈ ಉಪಾಯ ಮನೆಯವರಿಗೆಲ್ಲ ಗೊತ್ತು. ಕಟಿಂಗ್ ಮಷೀನಿನಿಂದ ಬಿದ್ದ ಕಾಗದದ ಪಟ್ಟಿಗಳು ಅದರೊಳಗೇ ಇರುತ್ತವೆ. ದುಡ್ಡು ತೆಗೆದವರು ಪಟ್ಟಿಯ ಮೇಲೆ ಎಷ್ಟು ಅಂತ ಬರೆದು ಒಳಗೆ ಹಾಕಬೇಕು ಅನ್ನೋದು ಅಪ್ಪ ಮಾಡಿದ ನಿಯಮ. ಆ ಪಟ್ಟಿಗಳನ್ನು ಯಾರೂ ಯಾವತ್ತೂ ಕೂಡಿಸುತ್ತಿರಲಿಲ್ಲ ಅನ್ನೋದೂ ಅಪ್ಪನ ಕಾಲದ್ದೇ ಪದ್ಧತಿ. "ನಮ್ಮ ಗಲ್ಲಾಕ್ಕೆ ನಾವೇ ಲೆಕ್ಕ ಕೊಡಬೇಕಾ?" ಅಂತಿದ್ದರು. ಕೆಲಸ ಚೆನ್ನಾಗಿದ್ದಾಗ ಆ ಮಾತು ದೊಡ್ಡಸ್ತಿಕೆಯಾಗಿ ಕೇಳುತ್ತಿತ್ತು.

ಸೋಮವಾರ ಬೇಗ ಹೋಗಿ, ಬಾಗಿಲು ಹಾಕಿಕೊಂಡು, ಡ್ರಾಯರನ್ನೇ ಹೊರಗೆಳೆದು ಮೇಜಿನ ಮೇಲೆ ಸುರಿದೆ. 143 ಚೀಟಿ. ಹೆಚ್ಚಿನವು ನನ್ನ ಅಕ್ಷರ. "ಔಷಧಿ". "ಪೆಟ್ರೋಲ್". "ಮಗನ ಶೂ". "ಗ್ಯಾಸು". 30ಕ್ಕೂ ಹೆಚ್ಚು ಚೀಟಿಗಳಲ್ಲಿ ಬರೀ "ಅರ್ಜೆಂಟ್" ಅಂತಿದೆ. ಯಾವ ಅರ್ಜೆಂಟೋ, ಆ ದೇವರಿಗೇ ಗೊತ್ತು. ಕ್ಯಾಲ್ಕ್ಯುಲೇಟರ್ ಹಿಡಿದು ಕೂಡಿಸಿದೆ. ನಂಬಿಕೆ ಬರಲಿಲ್ಲ, ಕೆಳಗಿನಿಂದ ಮೇಲಕ್ಕೆ ಇನ್ನೊಂದು ಸಲ ಕೂಡಿಸಿದೆ. ಅದೇ ಬಂತು.

7 ತಿಂಗಳಿಂದ ತಗೊಂಡಿಲ್ಲ ಅಂದವಳು 7 ತಿಂಗಳಲ್ಲಿ ಮಾಮನ ಸಂಬಳಕ್ಕಿಂತ ಜಾಸ್ತಿ ತಗೊಂಡಿದ್ದೆ.

ಕದ್ದಿದ್ದಲ್ಲ, ನಿಜ. ಎಲ್ಲಾ ಮನೆಗೇ ಹೋಗಿದ್ದು. ಆದರೆ ನನ್ನ ತಲೆಯಲ್ಲಿದ್ದ ನಾನೇ ಬೇರೆ. ಅವಳು ಉಪವಾಸ ಇದ್ದು ಎಲ್ಲರಿಗೂ ಬಡಿಸುವವಳು. ತಮ್ಮನಿಗೆ ಫೋನಿನಲ್ಲಿ, ಅತ್ತೆಗೆ ಎದುರಿಗೆ, ಕಾಗದದ ಅಂಗಡಿಯವರ ಹತ್ತಿರ ಗಡುವು ಕೇಳುವಾಗ, ಎಲ್ಲರಿಗೂ ಅದೇ ಮಾತು ಹೇಳಿದ್ದೆ. ಈ ಮಾತಿನಿಂದ ಎಷ್ಟು ಮರ್ಯಾದೆ ಗಿಟ್ಟಿಸಿದ್ದೇನೆ ಅಂತ ಯೋಚಿಸಿದರೆ ಕಿವಿ ಬಿಸಿಯಾಗುತ್ತದೆ.

ರಾತ್ರಿ ನಮ್ಮನೆಯವರಿಗೆ ಹೇಳಿದೆ. ಬಟ್ಟೆ ಮಡಚುತ್ತಿದ್ದರು, ತಲೆ ಎತ್ತಲಿಲ್ಲ. "ತಗೊಂಡಿಲ್ಲ ಅನ್ನಬೇಡ. ಲೆಕ್ಕ ಬರೆದಿಲ್ಲ ಅನ್ನು" ಅಂದರು. ಇವರು ತಿಂಗಳ ಸಂಬಳದ ಮನುಷ್ಯ. ಇವರ ಪ್ರಪಂಚದಲ್ಲಿ ದುಡ್ಡು ಒಂದನೇ ತಾರೀಕು ಬರುತ್ತದೆ, ಆಮೇಲೆ ಖರ್ಚಾಗುತ್ತದೆ. ನಮ್ಮ ಪ್ರಪಂಚದಲ್ಲಿ ಮೊದಲು ಖರ್ಚಾಗುತ್ತದೆ, ಆಮೇಲೆ ಬಂದರೆ ಬರುತ್ತದೆ. ಅದಕ್ಕೇ ಇವರ ಮಾತು ಕೇಳಿ ಸಿಟ್ಟು ಬಂತು. ಸರಿಯಾದ ಮಾತಾಗಿತ್ತಲ್ಲ, ಅದಕ್ಕೆ ಇನ್ನೂ ಜಾಸ್ತಿ ಬಂತು.

ಮಂಗಳವಾರ ಲೆಕ್ಕ ಬರೆಯುವವರನ್ನು ಕೇಳಿದೆ. ಅವರಿಗೆ ಇದು ಹೊಸದೇ ಅಲ್ಲ. ಮಾಲೀಕರು ಒಬ್ಬರೇ ಇರುವ ವ್ಯಾಪಾರದಲ್ಲಿ, ಲೆಕ್ಕದ ಪುಸ್ತಕದ ಪ್ರಕಾರ ಮಾಲೀಕರಿಗೆ ಸಂಬಳ ಅನ್ನೋದೇ ಇಲ್ಲವಂತೆ. ತಗೊಂಡದ್ದೆಲ್ಲ ಡ್ರಾಯಿಂಗ್ಸ್. ಅದು ಪ್ರೆಸ್ಸಿನ ಖರ್ಚಲ್ಲ, ನನ್ನ ಬಂಡವಾಳದಿಂದ ಕಳೆಯುವ ಮೊತ್ತ. ಔಷಧಿಯ ಬಿಲ್ಲು, ಮಗನ ಶೂ ಎಲ್ಲವೂ ಅಷ್ಟಷ್ಟೇ ಪ್ರೆಸ್ಸನ್ನು ಸವೆಸಿದ ಹಾಗೆ. ಅಷ್ಟು ದಿನ ಅದನ್ನು ಪ್ರೆಸ್ಸಿನ ಖರ್ಚಿಗೆ ಸೇರಿಸಿಕೊಂಡು "ಖರ್ಚು ಜಾಸ್ತಿ, ಏನೂ ಉಳಿಯಲ್ಲ" ಅಂತ ಗೋಳಾಡಿದ್ದೆ.

ಲೆಕ್ಕದ ಇನ್ನೊಂದು ಮಗ್ಗುಲೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ಮನೆಯಿಂದ ಪ್ರೆಸ್ಸಿಗೆ ಹೋದ ದುಡ್ಡು. ನನ್ನ ಫಿಕ್ಸೆಡ್ ಡೆಪಾಸಿಟ್ ಮುರಿಸಿದ್ದು, ನಮ್ಮನೆಯವರ ಸಂಬಳದಿಂದ ಎರಡು ಸಲ ಕರೆಂಟ್ ಬಿಲ್ ಕಟ್ಟಿದ್ದು. ಎಲ್ಲಕ್ಕಿಂತ ದೊಡ್ಡದು ನನ್ನ ಕ್ರೆಡಿಟ್ ಕಾರ್ಡು. ಕಾಗದದವರು 30 ದಿನಕ್ಕೆ ದುಡ್ಡು ಕೇಳುತ್ತಾರೆ. ನಮ್ಮ ದೊಡ್ಡ ಪಾರ್ಟಿ 90 ದಿನಕ್ಕೆ ಕೊಡುತ್ತದೆ. ನಡುವಿನ 60 ದಿನಕ್ಕೆ ಯಾರು ಹೊಣೆ? ನನ್ನ ಕಾರ್ಡು. ಪ್ರತಿ ತಿಂಗಳೂ ಮಿನಿಮಮ್ ಕಟ್ಟಿ ಸುಮ್ಮನಾಗುತ್ತಿದ್ದೆ. ಮಿನಿಮಮ್ ಕಟ್ಟಿದರೆ ಫೋನ್ ಬರುವುದು ನಿಲ್ಲುತ್ತದೆ, ಬಡ್ಡಿ ನಿಲ್ಲುವುದಿಲ್ಲ. ತಿಂಗಳಿಗೆ 3 ಪರ್ಸೆಂಟ್ ಅಂದರೆ ವರ್ಷಕ್ಕೆ 36 ಅಂದುಕೊಂಡಿದ್ದೆ. ಬಡ್ಡಿಗೆ ಬಡ್ಡಿ ಸೇರಿದರೆ 42.6.

ಅವತ್ತು ಕೂತು ಒಂದು ಕೆಲಸದ ಲೆಕ್ಕ ಹಾಕಿದೆ. 100 ಖರ್ಚು ಮಾಡಿ 115ಕ್ಕೆ ಬಿಲ್ ಮಾಡಿದೆವು ಅನ್ನಿ. ಆ 100 ಪೂರ್ತಿ ಕಾರ್ಡಿನದ್ದಾದರೆ, 3 ತಿಂಗಳು ಕಾಯುವಷ್ಟರಲ್ಲಿ 9ಕ್ಕಿಂತ ಜಾಸ್ತಿ ಬಡ್ಡಿಗೆ ಹೋಯಿತು. ಕೈಗೆ ಬಂದದ್ದು 6ಕ್ಕೂ ಕಮ್ಮಿ. ಪಾರ್ಟಿ ಇನ್ನೆರಡು ತಿಂಗಳು ಎಳೆದರೆ ಬಡ್ಡಿಯೇ 15 ದಾಟುತ್ತದೆ. ಆಮೇಲೆ ನಾವು ಅವರಿಗೆ ಪುಕ್ಕಟೆ ಪ್ರಿಂಟ್ ಮಾಡಿಕೊಟ್ಟು ಕೈಯಿಂದಲೂ ಕೊಟ್ಟ ಹಾಗೆ. ಆ ಪಾರ್ಟಿಯ ಮ್ಯಾನೇಜರ್ ತುಂಬಾ ಒಳ್ಳೆಯ ಮಾತಿನವರು. ಫೋನ್ ಮಾಡಿದಾಗಲೆಲ್ಲ ಮಗನ ಓದು ವಿಚಾರಿಸುತ್ತಾರೆ. ಚೆಕ್ಕಿನ ಮಾತು ಬಂದಾಗ ಸಿಗ್ನಲ್ ಹೋಗುತ್ತದೆ.

ದೊಡ್ಡ ಆರ್ಡರ್ ಬಂದಾಗ ನಾವು ಖುಷಿಪಡುತ್ತಿದ್ದೆವಲ್ಲ, ಅದನ್ನು ನೆನೆದರೆ ನಗು ಬರುತ್ತದೆ. ದೊಡ್ಡ ಆರ್ಡರ್ ಅಂದರೆ ಮೊದಲು ದೊಡ್ಡ ಗುಂಡಿ. ಕಾಗದ, ಪ್ಲೇಟು, ಇಂಕು, ಕೂಲಿ, ಎಲ್ಲಾ ಈ ತಿಂಗಳೇ. ಲಾಭ ಎಲ್ಲಿದೆ ಅಂದರೆ ಕಾಗದದ ಮೇಲಿದೆ. ಪ್ರಿಂಟಿಂಗ್ ಪ್ರೆಸ್ಸಿನವರಿಗೆ ಕಾಗದದ ಮೇಲಿನ ಲಾಭ, ಇನ್ನೇನು ಬೇಕು!

ಮಾಮ ಇದನ್ನು ಯಾವಾಗಲೋ ಕಂಡುಕೊಂಡಿದ್ದರು. ಯಾವ ಕೆಲಸ ಬಂದರೂ ಅವರ ಮೊದಲ ಪ್ರಶ್ನೆ "ಅಡ್ವಾನ್ಸ್ ಬಂತಾ?" ಅಪ್ಪನಿಗೆ ಆ ಪ್ರಶ್ನೆ ಕೇಳಿದರೇ ಮೈ ಉರಿಯುತ್ತಿತ್ತು. ಗೊತ್ತಿರುವವರ ಹತ್ತಿರ ಅಡ್ವಾನ್ಸ್ ಕೇಳುವುದು ಅವಮಾನ, ಗೊತ್ತಿಲ್ಲದವರ ಹತ್ತಿರ ಕೇಳಿದರೆ ಅವರು ಬೇರೆ ಕಡೆ ಹೋಗುತ್ತಾರೆ. ಹೀಗೆ ಯಾರ ಹತ್ತಿರವೂ ಕೇಳದೆ ಅಪ್ಪ ದೊಡ್ಡ ಮನುಷ್ಯ ಅನ್ನಿಸಿಕೊಂಡರು. ಮಾಮ ಜುಗ್ಗ ಅನ್ನಿಸಿಕೊಂಡರು, ಸಂಬಳಕ್ಕಿದ್ದವರು.

ತಮ್ಮನಿಗೂ ಫೋನ್ ಮಾಡಿದೆ, ಮಾಡಬಾರದಿತ್ತು. ಮೊದಲು "ಮುಚ್ಚಿಬಿಡಕ್ಕಾ" ಅಂದ. ಆಮೇಲೆ "ಕಂಪನಿ ಮಾಡಿಬಿಡು, ಆಗ ಸಾಲ ಕಂಪನಿದು, ನಿಂದಲ್ಲ" ಅಂದ. ಫೋನಿನಲ್ಲಿ ಸಲಹೆ ಕೊಡಲು ಬಂಡವಾಳ ಬೇಡವಲ್ಲ. ಆದರೂ ಅದರ ಬಗ್ಗೆ ರಾತ್ರಿ ಓದಿದೆ. ಇಂಗ್ಲೆಂಡಿನಲ್ಲಿ ಸಾಲೊಮನ್ ಅಂತ ಒಬ್ಬ ಬೂಟು ತಯಾರಿಸುವವನಿದ್ದ. 1892ರಲ್ಲಿ ತನ್ನ ವ್ಯಾಪಾರವನ್ನು ಕಂಪನಿ ಮಾಡಿದ. 20,007 ಷೇರಿನಲ್ಲಿ 20,001 ಅವನದು, ಹೆಂಡತಿ ಮತ್ತು 5 ಮಕ್ಕಳಿಗೆ ಒಂದೊಂದು. ಕಂಪನಿ ಮುಳುಗಿತು. ಸಾಲ ಕೊಟ್ಟವರು ಅವನ ಕೊರಳಿಗೆ ಬಿದ್ದರು. 1896ರಲ್ಲಿ ಅಲ್ಲಿನ ಹೌಸ್ ಆಫ್ ಲಾರ್ಡ್ಸ್, ಕಂಪನಿ ಬೇರೆ, ಸಾಲೊಮನ್ ಬೇರೆ, ಅವನಿಂದ ವಸೂಲಿ ಮಾಡುವ ಹಾಗಿಲ್ಲ ಅಂತ ತೀರ್ಪು ಕೊಟ್ಟಿತು. ಒಳ್ಳೆಯದೇ. ಆದರೆ ಬ್ಯಾಂಕಿನವರಿಗೂ ಈ ವಿಷಯ ಗೊತ್ತು. ಅದಕ್ಕೇ ನಮ್ಮಂಥ ಸಣ್ಣವರು ಕಂಪನಿ ಮಾಡಿ ಸಾಲ ಕೇಳಲು ಹೋದರೆ ಸಾಮಾನ್ಯವಾಗಿ ಮಾಲೀಕರ ವೈಯಕ್ತಿಕ ಗ್ಯಾರಂಟಿಗೂ ಸಹಿ ಹಾಕಿಸಿಕೊಳ್ಳುತ್ತಾರೆ. ಅಲ್ಲಿಗೆ ಮತ್ತೆ ಮನೆಯೂ ಪ್ರೆಸ್ಸೂ ಒಂದೇ ಹಗ್ಗಕ್ಕೆ ಕಟ್ಟಿದ ಹಾಗೆ.

ಅದೇ ರಾತ್ರಿ ಇನ್ನೊಂದು ಸಿಕ್ಕಿತು. 1494ರಲ್ಲಿ ವೆನಿಸ್ಸಿನಲ್ಲಿ ಲೂಕಾ ಪಾಚೊಲಿ ಅನ್ನುವ ಸನ್ಯಾಸಿಯೊಬ್ಬರು ಬರೆದ ಗಣಿತದ ಪುಸ್ತಕ ಅಚ್ಚಾಯಿತು. ಜಮಾ ಖರ್ಚು ಎರಡೂ ಕಡೆ ಬರೆಯುವ ಪದ್ಧತಿಯನ್ನು ವಿವರಿಸಿದ ಮೊದಲ ಅಚ್ಚಾದ ಪುಸ್ತಕಗಳಲ್ಲಿ ಅದು ಒಂದು. ವ್ಯಾಪಾರಿ ಮೊದಲು ತನ್ನ ಹತ್ತಿರ ಇರುವುದೆಲ್ಲವನ್ನೂ ಪಟ್ಟಿ ಮಾಡಬೇಕಂತೆ. ನಗದು, ಒಡವೆ, ಬಟ್ಟೆ, ಹಾಸಿಗೆಯೂ ಸೇರಿ. ಮನೆ ಖರ್ಚಿಗೂ ಅದೇ ಲೆಡ್ಜರಿನಲ್ಲಿ ಬೇರೆ ಒಂದು ಖಾತೆ. ಓದಿ ಸ್ವಲ್ಪ ಸಮಾಧಾನವಾಯಿತು. ಮನೆಯನ್ನೂ ವ್ಯಾಪಾರವನ್ನೂ ಕಲೆಸಿಕೊಂಡವಳು ನಾನೊಬ್ಬಳೇ ಅಲ್ಲ. 500 ವರ್ಷದ ಹಿಂದಿನವರೂ ಗಲ್ಲಾದಿಂದಲೇ ಮನೆ ನಡೆಸಿದ್ದಾರೆ. ಅವರು ಬರೆದಿಟ್ಟರು, ಅಷ್ಟೆ.

ಬುಧವಾರ ಎರಡೂ ಮಗ್ಗುಲು ಕೂಡಿಸಿ ನೋಡಿದೆ. ನಾನು ಪ್ರೆಸ್ಸಿಗೆ ಹಾಕಿದ್ದು ತಗೊಂಡದ್ದಕ್ಕಿಂತ ಜಾಸ್ತಿಯೇ ಇದೆ. ಆದರೆ ಹೇಳಿಕೊಂಡು ತಿರುಗುವಷ್ಟೇನೂ ಇಲ್ಲ. ಹಾಕಿದ್ದರಲ್ಲೂ ಹೆಚ್ಚಿನದು ಕಾರ್ಡಿನ ಸಾಲ, ಅಂದರೆ ನನ್ನದೂ ಅಲ್ಲ. ಇನ್ನು ಮೇಲೆ ತಿಂಗಳಿಗೆ ಇಷ್ಟು ಅಂತ ಒಂದು ಸಣ್ಣ ಮೊತ್ತ ಗೊತ್ತುಮಾಡಿಕೊಂಡು, ಎಲ್ಲರ ಜೊತೆ ಒಂದೇ ದಿನ ತಗೊಳ್ಳುತ್ತೇನೆ. ಡ್ರಾಯರ್ ಕೈ ಬಿಡುತ್ತೇನೆ. ಸಾಕಾಗದಿದ್ದರೆ ಸಾಕಾಗಲ್ಲ ಅನ್ನೋದಾದರೂ ಗೊತ್ತಾಗುತ್ತದೆ. ಮುಚ್ಚಬೇಕೋ ಬೇಡವೋ ಅಂತ ಆಗ ತಮ್ಮನ ಹತ್ತಿರ ಅಲ್ಲ, ಪುಸ್ತಕದ ಹತ್ತಿರ ಕೇಳಬಹುದು.

ಮಾಮನನ್ನು ಮಾತ್ರ ನೇರವಾಗಿ ಕೇಳಲು ಆಗಲಿಲ್ಲ. ಶನಿವಾರ ನೀವು ಗಲ್ಲಾ ಕಡೆ ನೋಡಿದ್ರಾ ಅಂತ ಹೇಗೆ ಕೇಳುವುದು? ಅಷ್ಟೊಂದು ಸಲ ನಾನು ಆ ಡ್ರಾಯರನ್ನು ಮೇಲಕ್ಕೆತ್ತಿ ಎಳೆದಾಗ ಕರಕರ ಸದ್ದು ಬಂದಿದೆ. ಅವರ ಬೈಂಡಿಂಗ್ ಮೇಜು ಅಲ್ಲಿಂದ ನಾಲ್ಕೇ ಹೆಜ್ಜೆ. ಕೇಳಿಸದೆ ಇರುತ್ತದಾ? ಕೇಳಿಸಿಯೂ ಅರ್ಧ ವಾಪಸ್ ಕೊಟ್ಟರಾ? ಹಾಗಿದ್ದರೆ ಅದು ಕನಿಕರವೂ ಅಲ್ಲ, ಚುಚ್ಚಿದ್ದೂ ಅಲ್ಲ, ಬೇರೇನೋ. ಏನು ಅಂತ ನನಗೆ ಇನ್ನೂ ಹೊಳೆದಿಲ್ಲ.

ನಿನ್ನೆ ಮಿಕ್ಕ ಕಾಗದದಲ್ಲಿ ಒಂದು ವೋಚರ್ ಪ್ಯಾಡ್ ಪ್ರಿಂಟ್ ಮಾಡಿಸಿದೆ. ತಾರೀಕು, ಯಾರಿಗೆ, ಯಾತಕ್ಕೆ, ಎಷ್ಟು, ಸಹಿ. ಮೊದಲ ಹಾಳೆಯಲ್ಲಿ ಮಾಮನ ಉಳಿದ ಅರ್ಧ ಸಂಬಳ ಬರೆಯಬೇಕು ಅಂದುಕೊಂಡಿದ್ದೆ. ಕಟ್ಟನ್ನು ಅವರ ಮೇಜಿನ ಮೇಲಿಟ್ಟೆ. ನಂಬರಿಂಗ್ ಮಷೀನನ್ನು 001ಕ್ಕೆ ತಿರುಗಿಸಿಕೊಂಡು, ಮೇಲಿನ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಪಾರ್ಟಿಯ ಹೆಸರು ಇರಬೇಕಾದ ಜಾಗ ಖಾಲಿ.

"ಯಾರದಮ್ಮಾ ಇದು?"

"ನಮ್ದೇ ಮಾಮಾ."

ಕನ್ನಡಕ ಇಳಿಸಿ ನನ್ನ ಮುಖ ನೋಡಿದರು.

"ಅಡ್ವಾನ್ಸ್ ಬಂತಾ?"